ತಪ್ಪಿಗೆ ಎಡೆಗೊಡದ ವಾರ್ಡು: ರೋಗಿಗಳ ಸುರಕ್ಷತೆಗಾಗಿ ವಿನ್ಯಾಸ ಸಂಶೋಧನೆ ನಡೆಸುವ ಬಗೆ

ಆಸ್ಪತ್ರೆಯಲ್ಲಿ ರೋಗಿಯೊಬ್ಬರಿಗೆ ತಪ್ಪು ಔಷಧ ಹೋಯಿತೆಂದರೆ ಆಮೇಲೆ ನಡೆಯುವುದು ಬಹುತೇಕ ಎಲ್ಲೆಡೆಯೂ ಒಂದೇ ರೀತಿ. ಔಷಧ ಕೊಟ್ಟ ನರ್ಸ್‌ಗೆ ಕಾರಣ ಕೇಳಿ ನೋಟಿಸ್ ಹೋಗುತ್ತದೆ, ಎಲ್ಲರೂ ಎಚ್ಚರಿಕೆಯಿಂದ ಕೆಲಸ ಮಾಡಬೇಕೆಂದು ಸುತ್ತೋಲೆ ಬರುತ್ತದೆ, ಗೋಡೆಯ ಮೇಲೆ ಹೊಸದೊಂದು ಸೂಚನಾ ಫಲಕ ಏರುತ್ತದೆ. ನೋಡಲು ಒಂದೇ ತೆರನಾದ ಆ ಎರಡು ಔಷಧಗಳು ಮಾತ್ರ ಅದೇ ಟ್ರೇಯಲ್ಲಿ, ಅದೇ ಮಂದ ಬೆಳಕಿನಲ್ಲಿ, ಅಕ್ಕಪಕ್ಕದಲ್ಲೇ ಉಳಿಯುತ್ತವೆ. ಮುಂದಿನ ಪಾಳಿಗೆ ಬರುವ ಇನ್ನೊಬ್ಬ ನರ್ಸ್ ಅದೇ ಟ್ರೇಗೆ ಕೈ ಹಾಕುತ್ತಾರೆ. ವಿನ್ಯಾಸ ಸಂಶೋಧನೆ ಎಂಬುದು ಆ ಟ್ರೇ, ಆ ಬೆಳಕು, ಆ ಚೀಟಿ, ಆ ಪಾಳಿಯ ಗಡಿಬಿಡಿ ಇವೆಲ್ಲವನ್ನೂ ಸಾಕ್ಷ್ಯವೆಂದು ಪರಿಗಣಿಸಿ, ಕೆಲಸ ನಿಜಕ್ಕೂ ಹೇಗೆ ನಡೆಯುತ್ತದೆ ಎಂಬುದನ್ನು ಕಣ್ಣಾರೆ ಕಂಡು, ಆ ಕೆಲಸ ಮಾಡುವವರು ಮತ್ತು ಆರೈಕೆ ಪಡೆಯುವವರ ಜೊತೆಗೂಡಿ ಬದಲಾವಣೆಯನ್ನು ರೂಪಿಸಿ, ಪರೀಕ್ಷಿಸಿ, ಅಳೆದು ನೋಡುವ ಕ್ರಮ.

ಈ ಬರಹ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ಆಡಳಿತಾಧಿಕಾರಿಗಳು, ನರ್ಸಿಂಗ್ ಮೇಲ್ವಿಚಾರಕರು ಹಾಗೂ ಅವರೊಡನೆ ಕೆಲಸ ಮಾಡಬಯಸುವ ವಿನ್ಯಾಸ ವಿದ್ಯಾರ್ಥಿಗಳಿಗಾಗಿ. ಉದಾಹರಣೆಗೆ ಔಷಧಗಳ ಸುರಕ್ಷತೆಯನ್ನೇ ಮುಖ್ಯವಾಗಿ ಹಿಡಿದಿದ್ದೇನೆ. ವೈದ್ಯರ ಲೇಖನಿಯಿಂದ ಹೊರಟು ಔಷಧಾಲಯ, ವಾರ್ಡು, ನರ್ಸ್‌ಗಳ ಮೇಜು ಇವನ್ನೆಲ್ಲ ದಾಟಿ ರೋಗಿಯ ಮನೆಯ ಗೂಡಿನವರೆಗೂ ಸಾಗುವ ದಾರಿ ಔಷಧಕ್ಕೆ ಮಾತ್ರ ಇದೆ. ಆ ದಾರಿಯನ್ನು ಹಿಂಬಾಲಿಸಿದರೆ ಆಸ್ಪತ್ರೆಯ ಬಹುಪಾಲು ಕಾಣಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ರೋಗಿಗಳ ಸುರಕ್ಷತೆಯ ತನ್ನ ಮೂರನೆಯ ಜಾಗತಿಕ ಅಭಿಯಾನಕ್ಕೆ ಔಷಧಗಳಿಂದಾಗುವ ಹಾನಿಯನ್ನೇ ವಿಷಯವಾಗಿ ಆರಿಸಿಕೊಂಡಿತು.

ವಸ್ತುವನ್ನು ಮೊದಲು ನೋಡಬೇಕು

2001ರ ಜನವರಿಯಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಆಸ್ಪತ್ರೆಯೊಂದರಲ್ಲಿ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದ ಹದಿನೆಂಟು ವರ್ಷದ ಯುವಕನಿಗೆ, ರಕ್ತನಾಳಕ್ಕಷ್ಟೇ ಕೊಡಬೇಕಾದ ವಿನ್‌ಕ್ರಿಸ್ಟಿನ್ ಎಂಬ ಔಷಧವನ್ನು ಬೆನ್ನುಹುರಿಯ ದ್ರವಕ್ಕೆ ಚುಚ್ಚಲಾಯಿತು. ಆತ ಮುಂದಿನ ತಿಂಗಳು ತೀರಿಕೊಂಡ. ಆ ಘಟನೆಯ ಅಧಿಕೃತ ವಿಚಾರಣೆ ಚುಚ್ಚಿದ ವೈದ್ಯರ ಹೊಣೆಯನ್ನಷ್ಟೇ ನೋಡಿ ಮುಗಿಯಲಿಲ್ಲ. ಬೇರೆ ಬೇರೆ ದಿನ ಕೊಡಬೇಕಾಗಿದ್ದ ಎರಡು ಔಷಧಗಳು ವಾರ್ಡಿಗೆ ಒಟ್ಟಿಗೇ ಬಂದಿದ್ದವು. ಎರಡರ ಸಿರಿಂಜುಗಳೂ ನೋಡಲು ಒಂದೇ ಬಗೆಯಾಗಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ, ರಕ್ತನಾಳಕ್ಕೆ ಹೊಂದುವ ಸಿರಿಂಜಿನ ತುದಿ ಬೆನ್ನಿನ ಸೂಜಿಗೂ ಸಲೀಸಾಗಿ ಹೊಂದುತ್ತಿತ್ತು. ಇದೇ ತಪ್ಪು ಬೇರೆ ದೇಶಗಳಲ್ಲೂ ಮತ್ತೆ ಮತ್ತೆ ನಡೆದಿತ್ತು. ಅದಕ್ಕೆ ದೊರೆತ ಗಟ್ಟಿಯಾದ ಪರಿಹಾರಗಳು ಎರಡು: ಒಂದು, ವಿನ್‌ಕ್ರಿಸ್ಟಿನ್ ಅನ್ನು ಸಿರಿಂಜಿನಲ್ಲಿ ತುಂಬಿಸದೆ, ಬೆನ್ನಿಗೆ ಕೊಡಲು ಯಾರಿಗೂ ಮನಸ್ಸೇ ಬಾರದಂತಹ ಸಣ್ಣ ದ್ರಾವಣ ಚೀಲದಲ್ಲಿ ಕಳಿಸುವುದು, ಇನ್ನೊಂದು, ಬೆನ್ನುಹುರಿಯ ಸಲಕರಣೆಗಳ ಜೋಡಣೆ ಬೇರೆ ಸಿರಿಂಜುಗಳಿಗೆ ಹೊಂದದಂತೆ ಅದರ ಆಕಾರವನ್ನೇ ಬದಲಿಸುವುದು. ಈ ಎರಡನೆಯದಕ್ಕೆ ಐಎಸ್‌ಒ 80369-6 ಎಂಬ ಅಂತರರಾಷ್ಟ್ರೀಯ ಮಾನದಂಡ 2016ರಲ್ಲಿ ಹೊರಬಂತು.

ಅರಿವಳಿಕೆ ಯಂತ್ರದಲ್ಲಿ ಆಮ್ಲಜನಕದ ಜಾಗಕ್ಕೆ ನೈಟ್ರಸ್ ಆಕ್ಸೈಡ್ ಸಿಲಿಂಡರನ್ನು ಜೋಡಿಸಲು ಹೊರಟರೆ ಅದು ಕೂರುವುದೇ ಇಲ್ಲ. ಪ್ರತಿ ಅನಿಲಕ್ಕೂ ಪಿನ್ನುಗಳ ಸ್ಥಾನ ಬೇರೆಯಾಗಿರುತ್ತದೆ. ಇಂತಹ ತಡೆ ದಣಿದ ಕೈಯನ್ನೂ ಹೊಸಬರ ಕೈಯನ್ನೂ ಒಂದೇ ಸಮನಾಗಿ ಕಾಯುತ್ತದೆ. ಆದ್ದರಿಂದ ನಿಮ್ಮ ಅಧ್ಯಯನದ ಉದ್ದಕ್ಕೂ ಪರಿಹಾರಗಳನ್ನು ಬಲದ ಕ್ರಮದಲ್ಲಿ ತೂಗಿ ನೋಡಿ. ತಪ್ಪನ್ನು ಅಸಾಧ್ಯವಾಗಿಸುವ ಆಕಾರ ಅಥವಾ ವ್ಯವಸ್ಥೆ ಎಲ್ಲಕ್ಕಿಂತ ಮೇಲು. ಅಪಾಯಕಾರಿ ವಸ್ತುವನ್ನು ಆ ಜಾಗದಿಂದಲೇ ತೆಗೆದುಬಿಡುವುದು ಅದರ ನಂತರದ್ದು. ಬಣ್ಣ, ಜಾಗ, ಕ್ರಮ, ಪಟ್ಟಿ ಇವುಗಳಿಂದ ನೆನಪಿಗೆ ಆಸರೆ ಕೊಡುವುದು ಮಧ್ಯದ್ದು. ತರಬೇತಿ ಮತ್ತು ಸುತ್ತೋಲೆ ಕೊನೆಯವು. ತರಬೇತಿ ಬೇಡವೆಂದಲ್ಲ. ಆದರೆ ಪಾಳಿಯಲ್ಲಿ ಒಬ್ಬರೇ ನರ್ಸ್ ಇಡೀ ವಾರ್ಡು ನೋಡಿಕೊಳ್ಳುವಲ್ಲಿ ಎಚ್ಚರಿಕೆಯನ್ನೇ ನಂಬಿ ಕೂರುವುದು ರೋಗಿಗೂ ಅನ್ಯಾಯ, ನರ್ಸ್‌ಗೂ ಅನ್ಯಾಯ.

ಪ್ರಶ್ನೆ ಮತ್ತು ಒಪ್ಪಿಗೆ

‘ಔಷಧದ ತಪ್ಪುಗಳನ್ನು ಕಡಿಮೆ ಮಾಡುವುದು’ ಎಂಬುದು ಉದ್ದೇಶವಾಗಬಹುದೇ ಹೊರತು ಅಧ್ಯಯನದ ಪ್ರಶ್ನೆಯಾಗುವುದಿಲ್ಲ. ‘ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ರಾತ್ರಿ ಪಾಳಿಯಲ್ಲಿ ಚುಚ್ಚುಮದ್ದು ತಯಾರಾಗುವುದರಿಂದ ಹಿಡಿದು ರೋಗಿಗೆ ಹಾಕುವವರೆಗೆ ಏನೇನು ನಡೆಯುತ್ತದೆ?’ ಎಂಬುದು ಪ್ರಶ್ನೆ. ‘ಸಕ್ಕರೆ ಕಾಯಿಲೆ ಇರುವವರು ಬಿಡುಗಡೆಯಾಗಿ ಮನೆಗೆ ಹೋದ ಮೊದಲ ವಾರದಲ್ಲಿ ಮಾತ್ರೆಗಳನ್ನು ಹೇಗೆ ತೆಗೆದುಕೊಳ್ಳುತ್ತಾರೆ?’ ಎಂಬುದೂ ಪ್ರಶ್ನೆ. ಒಂದು ವಾರ್ಡು, ಒಂದು ಪಾಳಿ, ಒಂದು ಬಗೆಯ ರೋಗಿ ಎಂಬಷ್ಟು ಕಿರಿದಾಗಿ ಆರಂಭಿಸಬೇಕು. ಪ್ರಶ್ನೆ ಆರಿಸಲು ಅವಘಡಗಳ ದಾಖಲೆ ಪುಸ್ತಕವನ್ನು ಮಾತ್ರ ನೆಚ್ಚಬೇಡಿ. ಹಲವು ಆಸ್ಪತ್ರೆಗಳಲ್ಲಿ ಅದು ಖಾಲಿ ಇರುತ್ತದೆ, ಖಾಲಿ ಪುಸ್ತಕ ಸುರಕ್ಷತೆಯ ಪುರಾವೆಯಾಗುವುದಿಲ್ಲ. ಬರೆದವರಿಗೆ ಶಿಕ್ಷೆಯಾಗುವಲ್ಲಿ ಯಾರೂ ಬರೆಯುವುದಿಲ್ಲ. ಹಿರಿಯ ಸಿಸ್ಟರುಗಳನ್ನು ಪ್ರತ್ಯೇಕವಾಗಿ ಭೇಟಿಯಾಗಿ, ಕೂದಲೆಳೆಯಲ್ಲಿ ತಪ್ಪಿಹೋದ ಘಟನೆಗಳ ಬಗ್ಗೆ ಕೇಳಿದರೆ ಪ್ರಶ್ನೆ ತಾನಾಗಿ ಸಿಗುತ್ತದೆ.

ಒಪ್ಪಿಗೆಯನ್ನು ವೈದ್ಯಕೀಯ ಅಧೀಕ್ಷಕರಿಂದ ಮಾತ್ರ ಪಡೆದರೆ ಸಾಲದು. ನರ್ಸಿಂಗ್ ಅಧೀಕ್ಷಕರು, ವಾರ್ಡಿನ ಹೊಣೆ ಹೊತ್ತ ಸಿಸ್ಟರ್, ಔಷಧಾಲಯದ ಅಧಿಕಾರಿ ಈ ಮೂವರನ್ನೂ ಬೇರೆ ಬೇರೆಯಾಗಿ ಕಂಡು ವಿವರಿಸಬೇಕು. ಮೇಲಿನಿಂದ ಆದೇಶ ಹೊತ್ತು ಬಂದವರನ್ನು ವಾರ್ಡು ತಪಾಸಣಾಧಿಕಾರಿಯೆಂದೇ ತಿಳಿಯುತ್ತದೆ, ತಪಾಸಣೆಯ ದಿನ ಎಲ್ಲವೂ ಸರಿಯಾಗಿಯೇ ಇರುತ್ತದೆ. ರೋಗಿಗಳನ್ನು ಸಂದರ್ಶಿಸುವುದಾದರೆ ಆಸ್ಪತ್ರೆಯ ನೈತಿಕ ಸಮಿತಿಯ ಮುಂದೆ ಪ್ರಸ್ತಾವ ಇಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿ ಇದಕ್ಕೆ ಆಧಾರ. ನಿಮ್ಮ ಅಧ್ಯಯನ ಸೇವಾ ಸುಧಾರಣೆಯೋ ಸಂಶೋಧನೆಯೋ ಎಂಬ ತೀರ್ಮಾನವನ್ನು ನೀವೇ ಮಾಡಿಕೊಳ್ಳದೆ ಸಮಿತಿಗೇ ಬಿಡುವುದು ಕ್ಷೇಮ.

ಆರಂಭಕ್ಕೆ ಮುನ್ನ ಎರಡು ಮಾತುಗಳನ್ನು ಬರಹದಲ್ಲಿ ಪಡೆದುಕೊಳ್ಳಿ. ಮೊದಲನೆಯದು, ಟಿಪ್ಪಣಿಗಳಲ್ಲಿ ಯಾವ ಸಿಬ್ಬಂದಿಯ ಹೆಸರೂ ಇರುವುದಿಲ್ಲ ಮತ್ತು ಅವನ್ನು ಶಿಸ್ತುಕ್ರಮಕ್ಕೆ ಬಳಸುವಂತಿಲ್ಲ ಎಂಬುದು. ಎರಡನೆಯದು, ಗಮನಿಸುತ್ತಿರುವಾಗ ರೋಗಿಗೆ ಅಪಾಯವಾಗುವಂಥದ್ದು ಕಣ್ಣಿಗೆ ಬಿದ್ದರೆ ಸಂಶೋಧಕರು ಸುಮ್ಮನಿರದೆ ಆ ಕ್ಷಣವೇ ಮಾತನಾಡುತ್ತಾರೆ ಎಂಬುದು. ಅಧ್ಯಯನ ಕೆಟ್ಟರೆ ಕೆಡಲಿ. ಈ ವಿಷಯದಲ್ಲಿ ಅನುಮಾನಕ್ಕೆ ಎಡೆಯಿರಬಾರದು.

ವಾರ್ಡಿನಲ್ಲಿ ನಿಂತು ನೋಡುವುದು

ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ಬೇಡುವುದೂ, ಅತಿ ಹೆಚ್ಚು ಫಲ ಕೊಡುವುದೂ ವೀಕ್ಷಣೆ. ಇದನ್ನು ಮೊಟಕು ಮಾಡಿ ಪ್ರಶ್ನಾವಳಿ ಹಂಚುವ ಆಸೆ ಎಲ್ಲರಿಗೂ ಬರುತ್ತದೆ, ಅದಕ್ಕೆ ಮಣಿಯಬಾರದು. ನಿಯಮ ಪುಸ್ತಕದಲ್ಲಿರುವ ಕೆಲಸ ಬೇರೆ, ಸಿಬ್ಬಂದಿ ತಾವು ಮಾಡುತ್ತೇವೆಂದು ಹೇಳುವ ಕೆಲಸ ಬೇರೆ, ನಿಜಕ್ಕೂ ನಡೆಯುವ ಕೆಲಸ ಬೇರೆ. ಪ್ರಶ್ನಾವಳಿಯಲ್ಲಿ ಎರಡನೆಯದು ಮಾತ್ರ ಸಿಗುತ್ತದೆ.

ವ್ಯಕ್ತಿಯನ್ನು ಹಿಂಬಾಲಿಸುವುದಕ್ಕಿಂತ ವಸ್ತುವನ್ನು ಹಿಂಬಾಲಿಸಿ. ಸುತ್ತು ಬಂದ ವೈದ್ಯರು ಕೇಸ್ ಶೀಟಿನಲ್ಲಿ ಒಂದು ಆಂಟಿಬಯಾಟಿಕ್ ಬರೆದರೆ, ಆ ಬರಹ ಔಷಧ ಚಾರ್ಟಿಗೆ ಯಾವಾಗ, ಯಾರ ಕೈಯಿಂದ ಇಳಿಯಿತು? ಬೇಡಿಕೆ ಚೀಟಿ ಔಷಧಾಲಯಕ್ಕೆ ಹೋದದ್ದು ಯಾರ ಜೊತೆ? ದಾಸ್ತಾನು ಇಲ್ಲದಾಗ ರೋಗಿಯ ಕಡೆಯವರನ್ನು ಹೊರಗಿನ ಅಂಗಡಿಗೆ ಕಳಿಸಿದರೆ, ಅವರು ತಂದದ್ದು ಅದೇ ಪ್ರಮಾಣದ್ದೇ ಎಂದು ನೋಡಿದವರು ಯಾರು? ಪುಡಿಯನ್ನು ಕರಗಿಸಿದ ಮೇಲೆ ಉಳಿದ ಔಷಧ ಎಲ್ಲಿ ಇರುತ್ತದೆ, ಅದರ ಮೇಲೆ ಸಮಯ ಬರೆದಿದೆಯೇ? ಒಂದೊಂದು ಔಷಧದ ದಾರಿಯನ್ನೂ ಹೀಗೆ ಕೊನೆ ಮುಟ್ಟಿಸಿದರೆ, ಕೈ ಬದಲಾಗುವ ಜಾಗಗಳು ತಾವಾಗಿ ಎದ್ದು ಕಾಣುತ್ತವೆ. ಅಪಾಯ ಹೆಚ್ಚಾಗಿ ಕೂತಿರುವುದು ಆ ಜಾಗಗಳಲ್ಲೇ.

ಟಿಪ್ಪಣಿ ಪುಸ್ತಕದ ಪುಟವನ್ನು ಎರಡು ಕಾಲಮ್ಮುಗಳಾಗಿ ಮಾಡಿ, ಎಡಗಡೆ ಕಂಡದ್ದನ್ನು ಮಾತ್ರ, ಬಲಗಡೆ ನಿಮ್ಮ ಊಹೆಯನ್ನು ಬರೆಯಿರಿ. ‘ಸಿಸ್ಟರ್ ಗಮನ ಕೊಡಲಿಲ್ಲ’ ಎಂಬುದು ಊಹೆ. ‘ಸಿರಿಂಜಿಗೆ ಔಷಧ ಎಳೆಯುತ್ತಿರುವಾಗ ಫೋನ್ ಬಂತು, ಮೂರನೆಯ ಹಾಸಿಗೆಯವರ ಮಗ ಡ್ರಿಪ್ ಮುಗಿಯಿತೆಂದು ಕರೆದರು, ಸಿಸ್ಟರ್ ಸಿರಿಂಜನ್ನು ಟ್ರೇಯಲ್ಲಿಟ್ಟು ಹೋದರು’ ಎಂಬುದು ಕಂಡದ್ದು. ಇಂತಹ ಅಡಚಣೆಗಳನ್ನು ಎಣಿಸುವುದು ಅತ್ಯಂತ ಮುಖ್ಯ. ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ 98 ನರ್ಸ್‌ಗಳು ಔಷಧ ಕೊಡುವುದನ್ನು ನೇರವಾಗಿ ಗಮನಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೊಂದು ಅಡಚಣೆಯೊಂದಿಗೂ ಔಷಧ ಸಂಬಂಧಿ ತಪ್ಪುಗಳು ಶೇಕಡ 12ಕ್ಕೂ ಹೆಚ್ಚು ಏರುವುದು ಕಂಡುಬಂದಿತ್ತು. ನಮ್ಮ ವಾರ್ಡುಗಳಲ್ಲಿ ರೋಗಿಯ ಜೊತೆಗಿರುವವರ ಸಂಖ್ಯೆಯೂ, ನರ್ಸ್‌ಗಳ ಮೇಲಿನ ಹೊರೆಯೂ ಹೆಚ್ಚು. ಆದ್ದರಿಂದ ಔಷಧ ತಯಾರಿಸುವ ಮೇಜು ವಾರ್ಡಿನ ಬಾಗಿಲ ಬಳಿ ಇದೆಯೋ, ಎಲ್ಲರೂ ವಿಚಾರಿಸಲು ಬರುವ ಮೇಜೇ ಅದಾಗಿದೆಯೋ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿ.

ಸಿಬ್ಬಂದಿ ತಮಗಾಗಿ ತಾವೇ ಮಾಡಿಕೊಂಡಿರುವ ಉಪಾಯಗಳ ಮೇಲೆ ವಿಶೇಷ ಕಣ್ಣಿರಲಿ. ಸೀಸೆಯ ಮೇಲೆ ಅಂಟಿಸಿದ ಪ್ಲಾಸ್ಟರ್ ತುಂಡಿನಲ್ಲಿ ಪೆನ್ನಿನಿಂದ ಬರೆದ ಹೆಸರು, ಅಂಗೈಯಲ್ಲಿ ಬರೆದುಕೊಂಡ ಹಾಸಿಗೆ ಸಂಖ್ಯೆ, ಕೈಗವಸಿನ ಪೆಟ್ಟಿಗೆಯನ್ನು ಕತ್ತರಿಸಿ ಮಾಡಿಕೊಂಡ ಖಾನೆಗಳು ಇವು ಅಶಿಸ್ತಿನ ಗುರುತುಗಳಲ್ಲ. ಇಲ್ಲಿ ವ್ಯವಸ್ಥೆಯಲ್ಲಿ ಏನೋ ಕೊರತೆಯಿದೆ, ಅದನ್ನು ಕೆಲಸ ಮಾಡುವವರು ಕಂಡುಕೊಂಡು ಅರ್ಧದಷ್ಟು ಪರಿಹಾರವನ್ನೂ ರೂಪಿಸಿಯಾಗಿದೆ ಎಂಬುದನ್ನು ಅವು ಹೇಳುತ್ತವೆ. ಹೊರಗಿನಿಂದ ಬಂದ ವಿನ್ಯಾಸಕರು ಮೊದಲು ಕಲಿಯಬೇಕಾದದ್ದು ಇವರಿಂದ. ಡಿ ಗ್ರೂಪ್ ನೌಕರರನ್ನೂ ಆಯಾಗಳನ್ನೂ ಮರೆಯಬೇಡಿ; ಚೀಟಿಗಳನ್ನು ಒಯ್ಯುವವರು, ರೋಗಿಯನ್ನು ಎಕ್ಸ್‌-ರೇ ಕೋಣೆಗೆ ದಾಟಿಸುವವರು, ಯಾವ ರೋಗಿಯ ಕಡೆಯವರಿಗೆ ಓದು ಬಾರದೆಂದು ತಿಳಿದವರು ಅವರೇ.

ರಾತ್ರಿ ಪಾಳಿ, ಭಾನುವಾರ ಮತ್ತು ಪಾಳಿ ಬದಲಾಗುವ ಅರ್ಧ ಗಂಟೆ, ಈ ಮೂರನ್ನು ನೋಡದೆ ವೀಕ್ಷಣೆ ಮುಗಿಯಿತೆಂದು ಹೇಳುವಂತಿಲ್ಲ.

ರೋಗಿಯ ಮನೆಯವರೆಗೆ

ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತವರನ್ನು ‘ಸೇವೆ ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ ಸಾರ್’ ಎಂಬ ಉತ್ತರ ಬರುತ್ತದೆ. ಇನ್ನೂ ಅದೇ ಸಿಸ್ಟರ್ ಕೈಯಿಂದ ಸೂಜಿ ಚುಚ್ಚಿಸಿಕೊಳ್ಳಬೇಕಾದವರು ಬೇರೇನನ್ನು ಹೇಳಿಯಾರು? ಮನೆಗೆ ಹೋದ ಮೇಲೆ, ಆಶಾ ಕಾರ್ಯಕರ್ತೆಯ ಜೊತೆಯಲ್ಲಿ, ಅವರ ಒಪ್ಪಿಗೆ ಪಡೆದು ಭೇಟಿಯಾಗುವುದು ಒಳ್ಳೆಯದು. ಅಭಿಪ್ರಾಯ ಕೇಳುವ ಬದಲು ನಡೆದದ್ದನ್ನು ಕೇಳಿ. ‘ಮಾತ್ರೆಗಳನ್ನು ಸರಿಯಾಗಿ ತೆಗೆದುಕೊಳ್ಳುತ್ತೀರಾ?’ ಎಂಬ ಪ್ರಶ್ನೆಗೆ ಇರುವುದು ಒಂದೇ ಉತ್ತರ. ‘ಅಜ್ಜಿ, ನಿನ್ನೆ ರಾತ್ರಿ ಯಾವ ಮಾತ್ರೆ ತಗೊಂಡ್ರಿ, ಆ ಚೀಲ ತಂದು ತೋರಿಸ್ತೀರಾ?’ ಎಂದರೆ ನಿಜಸ್ಥಿತಿ ನೆಲದ ಮೇಲೆ ಹರಡಿಕೊಳ್ಳುತ್ತದೆ. ಮಾತನಾಡುವವರು ಮನೆಯವರ ಭಾಷೆ ಬಲ್ಲವರಾಗಿರಬೇಕು. ಕನ್ನಡ ಬಲ್ಲವರೆಂದು ದಾಖಲಾದವರಲ್ಲಿ ಎಷ್ಟೋ ಮಂದಿ ನೋವನ್ನು ಹೇಳಿಕೊಳ್ಳುವುದು ತುಳುವಿನಲ್ಲಿ, ಉರ್ದುವಿನಲ್ಲಿ, ಲಂಬಾಣಿಯಲ್ಲಿ.

ಆ ಚೀಲದಲ್ಲಿ ಕಾಣುವುದೇನು? ಐದೇ ಮಾತ್ರೆ ಬೇಕಾದಾಗ ಪಟ್ಟಿಯನ್ನು ಕತ್ತರಿಸಿ ಕೊಟ್ಟಿರುತ್ತಾರೆ, ಔಷಧದ ಹೆಸರೋ ಅವಧಿ ಮುಗಿಯುವ ದಿನಾಂಕವೋ ಕತ್ತರಿಯ ಇನ್ನೊಂದು ಬದಿಗೆ ಉಳಿದುಹೋಗಿರುತ್ತದೆ. ಚೀಟಿಯಲ್ಲಿ 1-0-1 ಎಂದು ಬರೆದಿರುತ್ತದೆ; ಅದು ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು ಎಂಬುದು ಔಷಧಾಲಯದವರಿಗೆ ತಿಳಿಯುವಷ್ಟು ಸಹಜವಾಗಿ ಮನೆಯವರಿಗೆ ತಿಳಿಯುವುದಿಲ್ಲ. ಸರ್ಕಾರಿ ಸರಬರಾಜಿನಲ್ಲಿ ತಯಾರಕರು ಬದಲಾದಾಗ ಅದೇ ಔಷಧದ ಬಣ್ಣ, ಗಾತ್ರ, ಹೊದಿಕೆ ಬದಲಾಗುತ್ತವೆ. ‘ಬಿಳಿ ಮಾತ್ರೆ ಬಿಪಿಗೆ’ ಎಂದು ನೆನಪಿಟ್ಟುಕೊಂಡವರು ಹಳೆಯ ಬಿಳಿಯದನ್ನೂ ಹೊಸ ಹಳದಿಯದನ್ನೂ ಬೇರೆ ಬೇರೆ ಔಷಧವೆಂದು ತಿಳಿದು ಎರಡನ್ನೂ ನುಂಗುವ ಸಾಧ್ಯತೆ ಇರುತ್ತದೆ. ಈ ಮೂರೂ ತೊಂದರೆಗಳಲ್ಲಿ ರೋಗಿಯ ಅಜಾಗರೂಕತೆ ಎಳ್ಳಷ್ಟೂ ಇಲ್ಲ.

ಮನೆಯವರನ್ನು ಆರೈಕೆಯ ಪಾಲುದಾರರೆಂದು ಕಂಡಾಗ ಏನಾಗಬಹುದೆಂಬುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆಯಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ವಿನ್ಯಾಸ ತರಗತಿಯ ಭಾಗವಾಗಿ ಇಲ್ಲಿನ ನಾರಾಯಣ ಹೃದಯಾಲಯಕ್ಕೆ ಬಂದು ರೋಗಿಗಳನ್ನೂ ಕುಟುಂಬದವರನ್ನೂ ಮಾತನಾಡಿಸಿದಾಗ, ಗಂಟೆಗಟ್ಟಲೆ ಹೊರಗೆ ಕಾಯುತ್ತಿದ್ದ ಮನೆಯವರಿಗೆ ಕಲಿಯುವ ಆಸೆಯಿದ್ದರೂ ಹೇಳಿಕೊಡುವವರಿಲ್ಲ ಎಂಬುದು ಕಂಡಿತು. ಅದರಿಂದ ಹುಟ್ಟಿದ ನೂರಾ ಹೆಲ್ತ್ ಸಂಸ್ಥೆ ನರ್ಸ್‌ಗಳ ಮೂಲಕ ಕುಟುಂಬದವರಿಗೆ ಆರೈಕೆಯ ತರಬೇತಿ ಕೊಡುವ ಕ್ರಮವನ್ನು ರೂಪಿಸಿತು, ಮುಂದೆ ಅದು ಸರ್ಕಾರಿ ಆಸ್ಪತ್ರೆಗಳಿಗೂ ವಿಸ್ತರಿಸಿತು. ಕಾಯುವ ಜಾಗವನ್ನು ಯಾರೂ ಚಿಕಿತ್ಸೆಯ ಭಾಗವೆಂದು ಎಣಿಸಿರಲಿಲ್ಲ. ಅಲ್ಲಿ ಹೋಗಿ ಕೂತವರಿಗೆ ಅದು ಕಂಡಿತು.

ಒಟ್ಟಿಗೆ ಕೂತು ರೂಪಿಸುವುದು

ಕಂಡದ್ದನ್ನೆಲ್ಲ ಉದ್ದನೆಯ ಕಾಗದದ ಮೇಲೆ, ಔಷಧದ ಪಯಣದ ಕ್ರಮದಲ್ಲಿ, ವಾರ್ಡಿನ ಸಿಬ್ಬಂದಿ ಓಡಾಡುವ ಗೋಡೆಗೆ ಅಂಟಿಸಿ. ತಪ್ಪಾಗಿರುವುದನ್ನು ಅವರೇ ಪೆನ್ನು ಹಿಡಿದು ತಿದ್ದಲಿ. ಪ್ರತಿ ಅಪಾಯದ ಜಾಗದಲ್ಲೂ ‘ಯಾರು ತಪ್ಪಿದರು’ ಎಂಬ ಪ್ರಶ್ನೆಯ ಬದಲಿಗೆ ‘ಆ ಹೊತ್ತಿನಲ್ಲಿ ಹಾಗೆ ಮಾಡುವುದೇ ಸರಿಯೆಂದು ತೋರಲು ಕಾರಣವೇನು’ ಎಂದು ಕೇಳಬೇಕು. ಎರಡು ಸಿರಿಂಜುಗಳನ್ನು ಒಟ್ಟಿಗೆ ತುಂಬಿಸಿಕೊಂಡು ಹೊರಟ ನರ್ಸ್‌ಗೆ ಮೇಜಿನಿಂದ ಕೊನೆಯ ಹಾಸಿಗೆಗೆ ನಡೆದು ಬರುವ ದೂರವೇ ಕಾರಣವಾಗಿದ್ದರೆ, ನಿಮಗೆ ಬೇಕಾದದ್ದು ಚಕ್ರವಿರುವ ಟ್ರಾಲಿ.

ರೋಗಿಗಳನ್ನೂ ಸಿಬ್ಬಂದಿಯನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಸೇವೆಯನ್ನು ಮರುರೂಪಿಸುವ ಕ್ರಮವನ್ನು ಪಾಲ್ ಬೇಟ್ ಮತ್ತು ಗ್ಲೆನ್ ರಾಬರ್ಟ್ ಎಂಬ ಸಂಶೋಧಕರು 2000ರ ದಶಕದ ನಡುವಿನಲ್ಲಿ ಇಂಗ್ಲೆಂಡಿನ ಲೂಟನ್ ಅಂಡ್ ಡನ್‌ಸ್ಟಬಲ್ ಆಸ್ಪತ್ರೆಯ ತಲೆ-ಕುತ್ತಿಗೆ ಕ್ಯಾನ್ಸರ್ ವಿಭಾಗದಲ್ಲಿ ರೂಢಿಗೆ ತಂದರು. ಅಲ್ಲಿ ಎರಡು ಗುಂಪುಗಳೂ ಮೊದಲು ಪ್ರತ್ಯೇಕವಾಗಿ ಕೂತು, ನಂತರವೇ ಒಟ್ಟಿಗೆ ಸೇರುತ್ತವೆ. ನಮ್ಮಲ್ಲಿ ಈ ಪ್ರತ್ಯೇಕ ಸಭೆಗಳ ಅಗತ್ಯ ಇನ್ನೂ ಹೆಚ್ಚು: ವೈದ್ಯರು ಕೂತಿರುವಾಗ ಆಯಾ ಬಾಯಿ ತೆರೆಯುವುದಿಲ್ಲ, ಗಂಡ ಕೂತಿರುವಾಗ ಬಾಣಂತಿ ಮಾತನಾಡುವುದಿಲ್ಲ. ಸೇರುವ ದಿನ ಮೊದಲು ಮಾತನಾಡುವವರು ರೋಗಿಗಳಾಗಿರಲಿ, ಕೊನೆಯಲ್ಲಿ ಮಾತನಾಡುವವರು ಹಿರಿಯ ವೈದ್ಯರಾಗಿರಲಿ. ದಿನಗೂಲಿ ಬಿಟ್ಟು ಬಂದವರಿಗೆ ಆ ದಿನದ ಕೂಲಿಯನ್ನೂ ಬಸ್ ಖರ್ಚನ್ನೂ ಕೊಡುವುದು ಕನಿಷ್ಠ ಮರ್ಯಾದೆ.

ಮಾದರಿಗಳನ್ನು ರಟ್ಟು, ಥರ್ಮಕೋಲು, ಬಣ್ಣದ ಟೇಪುಗಳಲ್ಲಿ ಮಾಡಿ. ಅಂದವಾಗಿ ಮುಗಿಸಿದ ವಸ್ತುವನ್ನು ಟೀಕಿಸಲು ಜನ ಹಿಂಜರಿಯುತ್ತಾರೆ, ರಟ್ಟಿನ ಟ್ರೇಯನ್ನಾದರೆ ಅವರೇ ಕತ್ತರಿಸಿ ಸರಿಮಾಡುತ್ತಾರೆ. ಶಸ್ತ್ರಚಿಕಿತ್ಸಾ ಕೊಠಡಿಯ ಒಂದು ನಿಜವಾದ ಅಪಾಯವನ್ನು ತೆಗೆದುಕೊಳ್ಳೋಣ. ಬೆನ್ನಿಗೆ ಕೊಡುವ ಅರಿವಳಿಕೆ ಬುಪಿವಕೇನ್ ಮತ್ತು ರಕ್ತಸ್ರಾವ ತಡೆಯಲು ರಕ್ತನಾಳಕ್ಕೆ ಕೊಡುವ ಟ್ರಾನೆಕ್ಸಾಮಿಕ್ ಆಮ್ಲ ಇವುಗಳ, ಔಷಧ ತುಂಬಿ ಮುಚ್ಚಿದ ಸಣ್ಣ ಗಾಜಿನ ಸೀಸೆಗಳಾದ, ಆಂಪ್ಯೂಲ್‌ಗಳು ಹಲವೆಡೆ ಒಂದೇ ರೀತಿ ಕಾಣುತ್ತವೆ. ಎರಡನೆಯದು ತಪ್ಪಿ ಬೆನ್ನಿಗೆ ಹೋದರೆ ಸೆಳೆತ ಉಂಟಾಗಿ ಪ್ರಾಣಕ್ಕೇ ಅಪಾಯ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಈ ಬಗ್ಗೆ ಎಚ್ಚರಿಕೆ ನೀಡಿತು. ಇಲ್ಲಿ ಕೆಂಪು ಚೀಟಿ ಅಂಟಿಸುವುದು ದುರ್ಬಲ ಪರಿಹಾರ. ಟ್ರಾನೆಕ್ಸಾಮಿಕ್ ಆಮ್ಲವನ್ನು ಅರಿವಳಿಕೆಯ ಟ್ರಾಲಿಯಿಂದಲೇ ಹೊರಗಿಟ್ಟು ಬೇರೆ ಕಪಾಟಿನಲ್ಲಿ ಇಡುವುದು, ಆಂಪ್ಯೂಲ್‌ಗಳ ತಲೆ ಮಾತ್ರ ಕಾಣುವಂತೆ ನಿಲ್ಲಿಸದೆ ಹೆಸರು ಮೇಲಾಗಿ ಮಲಗಿಸಿಡುವ ಖಾನೆ ಮಾಡುವುದು, ಖರೀದಿಯ ಹೊತ್ತಿನಲ್ಲೇ ಹೊದಿಕೆ ಬೇರೆಯಾಗಿರಬೇಕೆಂದು ಕೇಳುವುದು ಬಲವಾದವು.

ಮನೆಗೆ ಕಳಿಸುವ ಔಷಧದ ಕವರಿನ ಮೇಲೆ ಚಿತ್ರ ಹಾಕುವ ಯೋಚನೆ ಎಲ್ಲ ಸಭೆಗಳಲ್ಲೂ ಬರುತ್ತದೆ. ಬರಲಿ, ಆದರೆ ಚಿತ್ರವೂ ಪರೀಕ್ಷೆಗೆ ಒಳಗಾಗಬೇಕು. ಬೆಳಿಗ್ಗೆಗೆ ಉದಯಿಸುವ ಸೂರ್ಯ, ಸಂಜೆಗೆ ಮುಳುಗುವ ಸೂರ್ಯ ಬರೆದರೆ ಕಾಗದದ ಮೇಲೆ ಎರಡೂ ಒಂದೇ. ಊಟದ ತಟ್ಟೆಯ ಪಕ್ಕದಲ್ಲಿ ಮಾತ್ರೆ ಇದ್ದರೆ ಅದು ಊಟಕ್ಕೆ ಮುಂಚೆಯೋ ಆಮೇಲೆಯೋ? ಬರೆದವರಿಗೆ ತಿಳಿದದ್ದು ನೋಡಿದವರಿಗೆ ತಿಳಿದಿದೆಯೇ ಎಂದು ತಿಳಿಯುವ ಒಂದೇ ದಾರಿ, ಕವರುಗಳನ್ನು ಅವರ ಕೈಗೆ ಕೊಟ್ಟು, ಔಷಧವಿಲ್ಲದ ಮಾದರಿ ಮಾತ್ರೆಗಳನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಜೋಡಿಸಿ ತೋರಿಸಲು ಕೋರುವುದು. ಬಿಡುಗಡೆಯ ಹೊತ್ತಿನಲ್ಲಿ ನರ್ಸ್ ಆಡುವ ಮಾತನ್ನೂ ಹೀಗೆಯೇ ರೂಪಿಸಬೇಕು. ‘ಅರ್ಥವಾಯಿತಾ?’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ‘ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕಮ್ಮ, ಮನೆಗೆ ಹೋಗಿ ಯಾವಾಗ ಯಾವುದು ಕೊಡ್ತೀರಿ, ಒಂದು ಸಲ ಹೇಳಿ’ ಎಂದಾಗ ಪರೀಕ್ಷೆಗೆ ಒಳಗಾಗುವುದು ಹೇಳಿದವರ ಮಾತು, ಕೇಳಿದವರ ಬುದ್ಧಿಯಲ್ಲ. ಹಿರಿಯರಿಗೂ ಅದರಿಂದ ಅವಮಾನವೆನಿಸುವುದಿಲ್ಲ.

ಮಾದರಿಯನ್ನು ಮೊದಲು ಖಾಲಿ ಹಾಸಿಗೆಯ ಬಳಿ, ನೀರು ತುಂಬಿದ ಸೀಸೆಗಳೊಂದಿಗೆ ನಟಿಸಿ ನೋಡಬೇಕು. ನಂತರ ಒಂದು ಪಾಳಿ, ಒಬ್ಬ ನರ್ಸ್. ನಂತರ ಒಂದು ವಾರ. ನಿಜವಾದ ರೋಗಿಯ ಬಳಿಗೆ ಹೋಗುವ ಪ್ರತಿ ಹಂತಕ್ಕೂ ವಾರ್ಡಿನ ಹೊಣೆಗಾರರ ಒಪ್ಪಿಗೆ ಬೇಕು, ಹಳೆಯ ಕ್ರಮಕ್ಕೆ ತಕ್ಷಣ ಮರಳುವ ದಾರಿ ತೆರೆದಿರಬೇಕು. ಅಭ್ಯಾಸಕ್ಕೆ ಬಳಸಿದ ಸೀಸೆಗಳನ್ನು ಎಣಿಸಿ ವಾರ್ಡಿನಿಂದ ಹೊರಗೆ ಒಯ್ಯುವುದನ್ನು ಮರೆಯಬಾರದು.

ಅಳೆಯುವುದು

ಬದಲಾವಣೆ ಎಲ್ಲರಿಗೂ ಇಷ್ಟವಾಯಿತು ಎಂಬುದು ಅಳತೆಯಲ್ಲ. ಮೂರು ಬಗೆಯ ಲೆಕ್ಕ ಬೇಕು: ಕೆಲಸದ ಕ್ರಮ ಬದಲಾಯಿತೇ, ರೋಗಿಗೆ ಒಳಿತಾಯಿತೇ, ಬೇರೆಲ್ಲಾದರೂ ಹೊಸ ತೊಂದರೆ ಹುಟ್ಟಿತೇ. ಮೂರನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಔಷಧ ತಯಾರಿಸುವ ಮೇಜನ್ನು ಒಳಕೋಣೆಗೆ ಸರಿಸಿದರೆ ಅಡಚಣೆ ಕಡಿಮೆಯಾಗುತ್ತದೆ, ನಿಜ. ಆದರೆ ಆ ಹೊತ್ತಿನಲ್ಲಿ ವಾರ್ಡಿನ ಮೇಲೆ ಕಣ್ಣಿಡುವವರು ಇಲ್ಲವಾದರೆ?

ಮೊದಲೆರಡರ ನಡುವಿನ ಅಂತರವನ್ನು ಕಲಿಸುವ ಘಟನೆ ಕರ್ನಾಟಕದಿಂದಲೇ ಆರಂಭವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪರಿಶೀಲನಾ ಪಟ್ಟಿಯನ್ನು 2010ರಲ್ಲಿ ನಮ್ಮ ರಾಜ್ಯದ ಹೆರಿಗೆ ಕೇಂದ್ರವೊಂದರಲ್ಲಿ ಮೊದಲಾಗಿ ಪರೀಕ್ಷಿಸಿದಾಗ, ಪ್ರತಿ ಹೆರಿಗೆಯಲ್ಲಿ ಪಾಲಿಸಬೇಕಾದ 29 ಅಗತ್ಯ ಕ್ರಮಗಳಲ್ಲಿ ಸರಾಸರಿ 10ರಷ್ಟು ಮಾತ್ರ ನಡೆಯುತ್ತಿದ್ದದ್ದು 25ಕ್ಕೆ ಏರಿತು. ಆ ಭರವಸೆಯ ಮೇಲೆ ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ದೊಡ್ಡ ಪ್ರಯೋಗ ನಡೆದು 2017ರಲ್ಲಿ ಫಲಿತಾಂಶ ಹೊರಬಂತು. ಪಟ್ಟಿಯ ಜೊತೆಗೆ ಮಾರ್ಗದರ್ಶಕರು ವಾರ್ಡಿಗೇ ಬಂದು ಒತ್ತಾಸೆಯಾಗಿ ನಿಂತಲ್ಲಿ ಎರಡು ತಿಂಗಳ ಹೊತ್ತಿಗೆ ಗಮನಿಸಿದ 18 ಕ್ರಮಗಳಲ್ಲಿ ಶೇಕಡ 73ರಷ್ಟು ಪಾಲನೆಯಾಗುತ್ತಿದ್ದವು, ಉಳಿದೆಡೆ ಶೇಕಡ 42. ಮಾರ್ಗದರ್ಶಕರ ಭೇಟಿ ನಿಂತ ಮೇಲೆ, ಹನ್ನೆರಡು ತಿಂಗಳ ಹೊತ್ತಿಗೆ, ಆ ಪಾಲನೆ ಶೇಕಡ 62ಕ್ಕೆ ಇಳಿಯಿತು. ತಾಯಿ-ಮಗುವಿನ ಸಾವು ಮತ್ತು ತಾಯಂದಿರ ತೀವ್ರ ತೊಂದರೆಗಳ ಒಟ್ಟು ಪ್ರಮಾಣದಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಇದರಿಂದ ಪಟ್ಟಿ ನಿಷ್ಪ್ರಯೋಜಕವೆಂದು ನಾನು ತಿಳಿಯುವುದಿಲ್ಲ. ಕಾಗದ ತಲುಪಬಹುದಾದ ದೂರಕ್ಕೂ ರಕ್ತ, ಔಷಧ, ನುರಿತ ಕೈ, ದೊಡ್ಡ ಆಸ್ಪತ್ರೆಗೆ ಸಾಗಿಸುವ ವಾಹನ ಇವು ತಲುಪಬೇಕಾದ ದೂರಕ್ಕೂ ವ್ಯತ್ಯಾಸವಿದೆ. ನಿಮ್ಮ ವರದಿಯಲ್ಲಿ ಯಾವ ದೂರವನ್ನು ಕ್ರಮಿಸಿದ್ದೀರೆಂದು ಪ್ರಾಮಾಣಿಕವಾಗಿ ಬರೆಯಬೇಕು.

ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವವರು ಗಮನಿಸಬೇಕಾದ ಇನ್ನೊಂದು ಅಧ್ಯಯನ ಇದೆ. ಬ್ರಿಟನ್ನಿನ ಡಿಸೈನ್ ಕೌನ್ಸಿಲ್ ಮತ್ತು ಆರೋಗ್ಯ ಇಲಾಖೆಯ ಬೆಂಬಲದಲ್ಲಿ ಪಿಯರ್ಸನ್‌ಲಾಯ್ಡ್ ಎಂಬ ವಿನ್ಯಾಸ ಸಂಸ್ಥೆ, ಸಿಬ್ಬಂದಿಯ ಮೇಲಿನ ಹಲ್ಲೆ ಮತ್ತು ಬೈಗುಳಗಳ ಮೂಲವನ್ನು ಹುಡುಕಿ, ತಾವು ಯಾವ ಹಂತದಲ್ಲಿದ್ದೇವೆ, ಏಕೆ ಕಾಯುತ್ತಿದ್ದೇವೆ, ಮುಂದೇನು ಎಂಬುದು ತಿಳಿಯದಿರುವುದೇ ರೋಗಿಗಳ ಸಿಟ್ಟಿಗೆ ದೊಡ್ಡ ಕಾರಣವೆಂದು ಕಂಡುಕೊಂಡಿತು. ಪ್ರತಿ ಕೋಣೆಯಲ್ಲೂ ಅದನ್ನು ಸರಳವಾಗಿ ತಿಳಿಸುವ ಫಲಕಗಳನ್ನು ಹಾಕಿದ ಮೇಲೆ ಬೆದರಿಕೆಯ ವರ್ತನೆ ಅರ್ಧಕ್ಕೆ ಇಳಿಯಿತೆಂದೂ, ಖರ್ಚು ಮಾಡಿದ ಪ್ರತಿ ಪೌಂಡಿಗೆ ಮೂರು ಪೌಂಡಿನಷ್ಟು ಲಾಭವಾಯಿತೆಂದೂ ಮೌಲ್ಯಮಾಪನದಲ್ಲಿ ಕಂಡುಬಂತು. ಕರ್ನಾಟಕದಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು 2009ರಿಂದ ಕಾಯ್ದೆಯಿದೆ. ಕಾಯ್ದೆ ಹಲ್ಲೆಯ ನಂತರ ಬರುತ್ತದೆ. ಹೊರಗೆ ನಿಂತ ಮನೆಯವರಿಗೆ ಅರ್ಧ ಗಂಟೆಗೊಮ್ಮೆ ಒಂದು ಮಾತು ಹೇಳುವ ವ್ಯವಸ್ಥೆ ಅದಕ್ಕಿಂತ ಮೊದಲು ಬರಬಲ್ಲದು.

ಅಳತೆಯ ಬಗ್ಗೆ ಇನ್ನೊಂದೇ ಮಾತು. ಕೆಲಸ ಸರಿಯಾಗಿ ನಡೆದರೆ ಆರಂಭದಲ್ಲಿ ವರದಿಯಾಗುವ ತಪ್ಪುಗಳ ಸಂಖ್ಯೆ ಏರುತ್ತದೆ, ಏಕೆಂದರೆ ಜನ ಹೇಳಲು ಧೈರ್ಯ ಮಾಡುತ್ತಾರೆ. ಇದನ್ನು ಆಡಳಿತಕ್ಕೆ ಮೊದಲೇ ಲಿಖಿತವಾಗಿ ತಿಳಿಸಿರಿ. ಇಲ್ಲದಿದ್ದರೆ ಎರಡನೆಯ ತಿಂಗಳಲ್ಲೇ ಅಧ್ಯಯನ ನಿಂತುಹೋಗಬಹುದು.

ಉಳಿಸಿಕೊಳ್ಳುವುದು

ವಾರ್ಡಿನ ಸಿಸ್ಟರ್ ವರ್ಗಾವಣೆಯಾದ ದಿನ ಹೆಚ್ಚಿನ ಸುಧಾರಣೆಗಳು ನಿಲ್ಲುತ್ತವೆ. ಆದ್ದರಿಂದ ಬದಲಾವಣೆಯನ್ನು ಒಬ್ಬರ ಉತ್ಸಾಹದಿಂದ ಬಿಡಿಸಿ, ಆಸ್ಪತ್ರೆಯಲ್ಲಿ ಈಗಾಗಲೇ ನಡೆಯುತ್ತಿರುವ ಕಾಗದಪತ್ರಗಳೊಳಗೆ ಸೇರಿಸಬೇಕು. ರಾಷ್ಟ್ರೀಯ ಗುಣಮಟ್ಟ ಮಾನದಂಡಗಳ ಮೌಲ್ಯಮಾಪನ, ಹೆರಿಗೆ ಕೊಠಡಿಗಳಿಗೆ 2017ರಲ್ಲಿ ಬಂದ ಲಕ್ಷ್ಯ ಕಾರ್ಯಕ್ರಮ ಇವುಗಳ ಪರಿಶೀಲನೆಗೆ ಹೇಗೂ ಸಿದ್ಧತೆ ನಡೆಯುತ್ತದೆ. ನಿಮ್ಮ ಟ್ರೇ, ನಿಮ್ಮ ಕವರು, ನಿಮ್ಮ ಪಾಳಿ ಬದಲಾವಣೆಯ ನಮೂನೆ ಆ ದಾಖಲೆಗಳಲ್ಲಿ ಹೆಸರು ಪಡೆದರೆ ಉಳಿಯುತ್ತವೆ. ಹೊದಿಕೆಗಳ ಹೋಲಿಕೆಯಂತಹ ತೊಂದರೆ ಒಂದು ವಾರ್ಡಿನಲ್ಲಿ ಬಗೆಹರಿಯುವಂಥದ್ದಲ್ಲ. ಆಂಪ್ಯೂಲ್‌ಗಳನ್ನು ಅಕ್ಕಪಕ್ಕ ಇಟ್ಟು ತೆಗೆದ ಛಾಯಾಚಿತ್ರದ ಸಹಿತ ರಾಜ್ಯದ ಔಷಧ ಸರಬರಾಜು ನಿಗಮಕ್ಕೆ ಬರೆಯಬೇಕು. ಔಷಧದ ಅಡ್ಡಪರಿಣಾಮ ಕಂಡರೆ ಭಾರತದ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ರೋಗಿಯ ಮನೆಯವರೂ ತಿಳಿಸಬಹುದು ಎಂಬುದನ್ನು ಬಿಡುಗಡೆಯ ಚೀಟಿಯಲ್ಲೇ ಮುದ್ರಿಸಿ.

ವರದಿಯ ಒಂದು ಪ್ರತಿ ಅಧೀಕ್ಷಕರಿಗೆ ಹೋದರೆ, ಒಂದು ಪುಟದ ಕನ್ನಡ ಸಾರಾಂಶ ವಾರ್ಡಿಗೂ, ಅಧ್ಯಯನದಲ್ಲಿ ಭಾಗವಹಿಸಿದ ಕುಟುಂಬಗಳಿಗೂ ಹೋಗಬೇಕು. ಓದಲು ಬಾರದ ಮನೆಗಳಿಗೆ ಆಶಾ ಕಾರ್ಯಕರ್ತೆ ಓದಿ ಹೇಳಲಿ. ಮೂರು ತಿಂಗಳ ನಂತರ, ಅಧಿಕೃತ ತಪಾಸಣೆಯ ಗದ್ದಲವಿಲ್ಲದ ಒಂದು ರಾತ್ರಿ ಪಾಳಿಗೆ, ಸಿಸ್ಟರ್‌ಗೆ ಮಾತ್ರ ತಿಳಿಸಿ ಮತ್ತೆ ಹೋಗಿ ನೋಡಿ. ಟ್ರೇಯನ್ನು ನೀವು ಹೇಳಿದ ರೀತಿಯಲ್ಲಿ ಬಳಸದೆ ಬೇರೆ ರೀತಿಯಲ್ಲಿ ಬಳಸುತ್ತಿದ್ದರೆ, ಅಪಾಯವಿಲ್ಲದ ಪಕ್ಷದಲ್ಲಿ ಕೂಡಲೇ ತಿದ್ದಬೇಡಿ. ಅವರು ಏಕೆ ಹಾಗೆ ಬದಲಿಸಿಕೊಂಡರೆಂದು ಕೇಳಿ ಎಡಗಡೆಯ ಕಾಲಮ್ಮಿನಲ್ಲಿ ಬರೆದುಕೊಳ್ಳಿ, ಮುಂದಿನ ಮಾದರಿಯನ್ನು ಅಲ್ಲಿಂದ ಆರಂಭಿಸಿ.